ಹೊಳೆಯಂಚಿನ ಕುರ್ಚಿಗೆ ಯಾರ ಅನುಮತಿ?

ಈದ್‌ನ ಮರುದಿನ ನೀವೂ ಮನೆಮಂದಿಯೊಂದಿಗೆ ಹೊರಗೆ ಊಟಕ್ಕೆ ಹೋಗಿರಬಹುದು. ಹಬ್ಬದ ದಿನವಿಡೀ ಒಲೆಯ ಮುಂದೆ ಬೆವರಿದ ಗೃಹಿಣಿಗೆ ಅಂದಾದರೂ ಬಿಡುವು ಬೇಕು, ಮಕ್ಕಳಿಗೆ ಐಸ್‌ಕ್ರೀಮ್ ಬೇಕು. ನಮ್ಮ ಕರಾವಳಿಯಲ್ಲಿ ಅದಕ್ಕೆ ಈಗ ಜಾಗದ ಕೊರತೆಯಿಲ್ಲ. ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಇಳಿದರೆ ಹೊಳೆ. ಹೊಳೆಯ ದಂಡೆಯಲ್ಲಿ ತೆಂಗಿನ ಮರಗಳು, ಮರದಿಂದ ಮರಕ್ಕೆ ಬಣ್ಣದ ದೀಪದ ಸರ, ಕೆಳಗೆ ಪ್ಲಾಸ್ಟಿಕ್ ಕುರ್ಚಿ ಮೇಜುಗಳು. ನೀರಿನ ಮೇಲಿಂದ ತಂಪು ಗಾಳಿ ಬೀಸುವಾಗ ಸಾಧಾರಣ ಮೀನು ಫ್ರೈಗೂ ಹೊಸ ರುಚಿ ಬರುತ್ತದೆ. ನಾನೂ ಮಕ್ಕಳನ್ನು ಕರೆದುಕೊಂಡು ಹೋಗಿ ಕುಳಿತಿದ್ದೇನೆ, ಬಿಲ್ ಕೊಟ್ಟು ಬಂದಿದ್ದೇನೆ. ಆ ಕುರ್ಚಿಯನ್ನು ಅಲ್ಲಿಡಲು ಯಾರು ಅನುಮತಿ ಕೊಟ್ಟರು ಎಂದು ಮಾತ್ರ ಎಂದೂ ಕೇಳಿದವನಲ್ಲ. ಕಳೆದ ವರ್ಷ ಕೇಳಲೇಬೇಕಾಗಿ ಬಂತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದಮ್ಮಾಮ್‌ನ ಹೋಟೆಲೊಂದರ ಅಡುಗೆಮನೆಯಲ್ಲಿ ಒಂಬತ್ತು ವರ್ಷ ದುಡಿದು ಊರಿಗೆ ಮರಳಿದ. ಮತ್ತೆ ಹೋಗಲು ಮನಸ್ಸಿಲ್ಲ. ತಾಯಿಗೆ ವಯಸ್ಸಾಗಿದೆ, ಮಕ್ಕಳು ಅಪ್ಪನನ್ನು ಫೋನಿನಲ್ಲಿ ನೋಡಿಯೇ ಬೆಳೆದಿದ್ದಾರೆ. ಅಘನಾಶಿನಿ ಹೊಳೆಯ ದಂಡೆಯಲ್ಲಿ ಅವನಿಗೆ ಅಜ್ಜನ ಕಾಲದ ಒಂದು ಚಿಕ್ಕ ತೆಂಗಿನ ತೋಟವಿದೆ. ರಸ್ತೆಯ ಬದಿಗೆ ಹಳೆಯ ಮನೆ, ಮನೆಯ ಹಿಂದೆ ತೋಟ, ತೋಟದ ಕೊನೆಗೆ ನೀರು. ಮನೆಯಲ್ಲಿ ಅಡುಗೆ ಮಾಡಿ ತೋಟದಲ್ಲಿ ಎಂಟು ಮೇಜು ಹಾಕಬೇಕೆಂಬುದು ಅವನ ಯೋಜನೆ. ಉಳಿತಾಯದ ಹಣದಲ್ಲಿ ಪಾತ್ರೆ, ಒಲೆ, ಫ್ರಿಜ್ ಖರೀದಿ ಮುಗಿದಿತ್ತು. ಹೆಂಡತಿಯ ಎರಡು ಬಳೆ ಬ್ಯಾಂಕಿನಲ್ಲಿತ್ತು.

ನಮ್ಮ ಕೇರಿಯಲ್ಲಿ ಯಾರಿಗೆ ಅರ್ಜಿ ಬರೆಯಬೇಕಿದ್ದರೂ ನನ್ನ ಬಳಿಗೇ ಬರುತ್ತಾರೆ. ಮದ್ರಸದಲ್ಲಿ ಕಲಿತ ಅಕ್ಷರದ ಜೊತೆಗೆ ಬಿ.ಎ. ಎಂಬ ಬಾಲ ಅಂಟಿಕೊಂಡದ್ದರ ಫಲ ಇದು. ರೇಷನ್ ಕಾರ್ಡ್‌ನಿಂದ ಹಿಡಿದು ವಿಧವಾ ವೇತನದವರೆಗೆ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಇದನ್ನೂ ಬರೆದೆ. ತೋಟಕ್ಕೆ ಹೋಗಿ, ಕೊನೆಯ ಮೇಜು ಬರುವ ಮರದಿಂದ ನೀರಿನವರೆಗೆ ಹೆಜ್ಜೆ ಹಾಕಿ ಎಣಿಸಿದೆ. ಇಪ್ಪತ್ತನಾಲ್ಕು ಹೆಜ್ಜೆ. 'ನೀರಿನಿಂದ ಸುಮಾರು 18 ಮೀಟರ್ ದೂರ' ಎಂದು ಅರ್ಜಿಯಲ್ಲಿ ನಮೂದಿಸಿದೆ.

ಅರ್ಜಿ ಹಿಡಿದು ಹೋದ ಕಚೇರಿಯಲ್ಲಿ (ಯಾವುದೆಂದು ಹೇಳುವುದಿಲ್ಲ, ಎಲ್ಲ ಕಡೆಯೂ ಹೀಗೆಯೇ ಆಗಬಹುದಿತ್ತು) ನಮಗೆ ಸಿಕ್ಕಿದ್ದು ಒಂದು ನಗೆ. "ಕುರ್ಚಿಗೆಲ್ಲ ಪರ್ಮಿಶನ್ ಯಾಕೆ ಮೇಷ್ಟ್ರೇ? ಸಂಜೆ ಹಾಕ್ತೀರಿ, ರಾತ್ರಿ ಎತ್ತಿಡ್ತೀರಿ. ಉದ್ದಿಮೆ ಪರವಾನಗಿಯ ಶುಲ್ಕ ಕಟ್ಟಿ ಹೋಗಿ" ಎಂದರು. ಹುಡುಗನ ಮುಖ ಅರಳಿತು. ನನಗೂ ಸಂತೋಷವೇ ಆಯಿತು.

ವಾಪಸು ಬರುವಾಗ ತೋಟದ ಬಳಿ ಬೆಳಚು ಹೆಕ್ಕಿ ಬುಟ್ಟಿ ಹೊತ್ತು ಮೇಲೆ ಬರುತ್ತಿದ್ದ ಹಿರಿಯ ಹೆಂಗಸೊಬ್ಬರು ಸಿಕ್ಕರು. ಎಷ್ಟೋ ವರ್ಷಗಳಿಂದ ಆ ಕೆಸರಿನಲ್ಲಿ ಕೈಯಾಡಿಸಿದವರು. ಹುಡುಗ ಸಂಭ್ರಮದಿಂದ ಎಲ್ಲವನ್ನೂ ಹೇಳಿದ. ಅವರು ನೀರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಮಾಸ್ತರ್ರೇ, ಇಳಿತದ ಹೊತ್ತಿಗೆ ಬಂದು ಅಳೆದರೆ ಹೆಂಗೆ? ಅಮಾಸೆ ಭರತಿಗೆ ಬಂದು ನೋಡಿ" ಎಂದರು.

ಅಮಾವಾಸ್ಯೆಗೆ ಹೋದೆವು. ಇಪ್ಪತ್ತನಾಲ್ಕು ಹೆಜ್ಜೆ ಆರಕ್ಕೆ ಇಳಿದಿತ್ತು.

ಓದುಗರೇ, ನನ್ನ ಕೈಬರಹದಲ್ಲಿ, ನನ್ನ ಲೆಕ್ಕದಲ್ಲಿ ಒಂದು ಸುಳ್ಳು ಸರಕಾರಿ ಕಡತಕ್ಕೆ ಸೇರಿತ್ತು. ಬೇಕೆಂದು ಬರೆದದ್ದಲ್ಲ ನಿಜ. ಆದರೆ ಶಾಲೆಯಲ್ಲಿ ಮಕ್ಕಳಿಗೆ ಉಬ್ಬರ ಇಳಿತದ ಪಾಠ ಮಾಡುವವನಿಗೆ ಆ ನೆಪ ಸಲ್ಲುವುದಿಲ್ಲ. ಆ ರಾತ್ರಿಯಿಂದ ನಾನು ಈ ಕಾನೂನುಗಳನ್ನು ಓದಲು ಕುಳಿತೆ. ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕು.

ಗೋಡೆ ಕಾಣುವ ಕಾನೂನು

ಇರಾನ್ ದೇಶದ ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿ ರಾಮ್ಸರ್ ಎಂಬ ಪಟ್ಟಣವಿದೆ. 1971ರ ಫೆಬ್ರವರಿ 2ರಂದು ಅಲ್ಲಿ ಜೌಗು ಪ್ರದೇಶಗಳ ರಕ್ಷಣೆಗೆ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಕೆರೆ, ಅಳಿವೆ, ಕಾಂಡ್ಲಾ ಕಾಡು, ಕೆಸರು ಗದ್ದೆ ಎಲ್ಲವೂ ಜೌಗು ಪ್ರದೇಶಗಳೇ. ಒಪ್ಪಂದದ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ್ದು 2022ರಲ್ಲಿ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಯದಿಂದ 1940ರಲ್ಲೇ ಪಕ್ಷಿಧಾಮವಾದ ಜಾಗ ಅದು. 2024ರ ಜನವರಿ ಕೊನೆಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ನಮ್ಮ ಅಘನಾಶಿನಿ ಅಳಿವೆ ಸೇರಿದವು. ಅಘನಾಶಿನಿಯದ್ದು 4801 ಹೆಕ್ಟೇರ್. ಶಿರಸಿಯ ಕಡೆ ಹುಟ್ಟಿ ಎಲ್ಲೂ ಅಣೆಕಟ್ಟಿನ ತಡೆಯಿಲ್ಲದೆ ಕಡಲಿಗೆ ಬರುವ ಹೊಳೆ ಇದು. ಮೀನು, ಏಡಿ, ಬೆಳಚು, ಉಪ್ಪು, ಸಿಗಡಿ ಕೃಷಿ, ಗಜನಿ ಗದ್ದೆಯ ಕಗ್ಗ ಭತ್ತ, ಹೀಗೆ 6000ದಿಂದ 7500 ಕುಟುಂಬಗಳು ಇದನ್ನು ನಂಬಿ ಬದುಕುತ್ತಿವೆ ಎಂದು ಸರಕಾರವೇ ಹೇಳಿದೆ. ತದಡಿಯಲ್ಲಿ 4000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಈ ದಂಡೆಯ ಜನ ಎದ್ದು ನಿಂತರು, ಯೋಜನೆ ಕೈಬಿಟ್ಟುಹೋಯಿತು. ಚಿಮಣಿ ಬಂದರೆ ಎಲ್ಲರಿಗೂ ಕಾಣುತ್ತದೆ. ಕುರ್ಚಿ ಒಂದೊಂದಾಗಿ ಬಂದರೆ ಯಾರು ನೋಡುತ್ತಾರೆ?

ಒಳನಾಡಿನ ಸಂರಕ್ಷಿತ ಜೌಗು ಪ್ರದೇಶಗಳಿಗೆ 2017ರ ಕೇಂದ್ರ ನಿಯಮಗಳಿವೆ. ಕೊಳಚೆ ಬಿಡಬಾರದು, ಕಸ ಸುರಿಯಬಾರದು, ಒತ್ತುವರಿ ಮಾಡಬಾರದು. ಕಳೆದ ಹತ್ತು ವರ್ಷಗಳ ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ದೋಣಿ ಕಟ್ಟೆಯನ್ನು ಬಿಟ್ಟರೆ ಯಾವುದೇ 'ಶಾಶ್ವತ ಸ್ವರೂಪದ' ಕಟ್ಟಡ ಕಟ್ಟಬಾರದು. ಈ 'ಶಾಶ್ವತ' ಎಂಬ ಪದವನ್ನು ಗಮನಿಸಿ. ಸಿಮೆಂಟಿನ ಗೋಡೆ ಶಾಶ್ವತ, ಕುರ್ಚಿ ಅಲ್ಲ. ಬಿದಿರಿನ ಚಪ್ಪರ, ಮರದ ಹಲಗೆಯ ನೆಲ, ಚಕ್ರವಿರುವ ಗಾಡಿ, ಇವು ಶಾಶ್ವತವೇ ಅಲ್ಲವೇ ಎಂದು ವಕೀಲರು ವಾದಿಸಬೇಕು. ನಮ್ಮ ಕಚೇರಿಯಲ್ಲಿ ನಕ್ಕವರು ಈ ನಿಯಮವನ್ನು ಓದಿರಲಾರರು, ಆದರೆ ಅವರ ನಗೆಯ ಬೇರು ಇಲ್ಲೇ ಇದೆ.

ಕರಾವಳಿಯ ಅಳಿವೆಗಳಿಗೆ ಆ ನಿಯಮವಲ್ಲ, ನಾವೆಲ್ಲ 'ಸಿಆರ್‌ಝಡ್' ಎನ್ನುವ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಅನ್ವಯಿಸುತ್ತದೆ. ಈಗ ಅಧಿಸೂಚನೆಯ 2019ರ ಜನವರಿಯ ರೂಪ ಜಾರಿಯಲ್ಲಿದೆ. ಉಬ್ಬರ ಇಳಿತ ತಟ್ಟುವ ಹೊಳೆಯಾದರೆ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಭೂಮಿ ಅದರೊಳಗೆ ಬರುತ್ತದೆ. 2011ರಲ್ಲಿ ಇದು 100 ಮೀಟರ್ ಇತ್ತು. ಕಾಂಡ್ಲಾ ಕಾಡು 1000 ಚದರ ಮೀಟರ್‌ಗಿಂತ ಹೆಚ್ಚಿದ್ದರೆ ಅದರ ಸುತ್ತ ಮತ್ತೆ 50 ಮೀಟರ್ ಬಿಡಬೇಕು.

ಆಶ್ಚರ್ಯವೆಂದರೆ ಈ ಅಧಿಸೂಚನೆಗೆ ಕುರ್ಚಿ ಕಾಣಿಸಿದೆ! ಗ್ರಾಮೀಣ ಕರಾವಳಿಯ ನಿರ್ಮಾಣ ನಿಷೇಧಿತ ಪಟ್ಟಿಯಲ್ಲೂ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೆ ಅವಕಾಶವಿದೆ. ಚಪ್ಪರ, ಶೌಚಾಲಯ, ಕುಡಿಯುವ ನೀರು, ಜೊತೆಗೆ ಆಸನ ವ್ಯವಸ್ಥೆಯ ಹೆಸರೂ ಅಲ್ಲಿದೆ. ಆದರೆ ಎರಡು ಷರತ್ತು. ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಆ ಜಾಗ ರಾಜ್ಯದ ಅನುಮೋದಿತ ಕರಾವಳಿ ವಲಯ ನಿರ್ವಹಣಾ ಯೋಜನೆಯೊಳಗಿನ ಪ್ರವಾಸೋದ್ಯಮ ಯೋಜನೆಯಲ್ಲಿ ಸೇರಿರಬೇಕು. ಉಬ್ಬರದ ಗೆರೆಯನ್ನು ನಾನು ಹೆಜ್ಜೆ ಹಾಕಿ ನಿರ್ಧರಿಸುವಂತಿಲ್ಲ, ಪಂಚಾಯತಿಯೂ ನಿರ್ಧರಿಸುವಂತಿಲ್ಲ. ಚೆನ್ನೈನಲ್ಲಿರುವ ಕೇಂದ್ರ ಸರಕಾರದ ಕರಾವಳಿ ನಿರ್ವಹಣಾ ಕೇಂದ್ರ ಗುರುತಿಸಿದ ಗೆರೆಯೇ ಪ್ರಮಾಣ.

ಅಂದರೆ ಕುರ್ಚಿಗೂ ಅನುಮತಿ ಬೇಕು. ಅದನ್ನು ಕೊಡಬೇಕಾದವರು ಉದ್ದಿಮೆ ಪರವಾನಗಿ ಕೊಡುವವರಲ್ಲ. ಉದ್ದಿಮೆ ಪರವಾನಗಿ ವ್ಯಾಪಾರಕ್ಕೆ, ಆಹಾರ ಸುರಕ್ಷತೆಯ ನೋಂದಣಿ ಅಡುಗೆಗೆ. ಹೊಳೆಗೆ ಸಂಬಂಧಿಸಿದ ಕಾಗದ ಇವೆರಡೂ ಅಲ್ಲ. ಮೂರನ್ನೂ ಒಂದೇ ಎಂದು ತಿಳಿದು ಸಾಲ ಮಾಡುವವರು ನಮ್ಮಲ್ಲಿ ಎಷ್ಟು ಜನರಿಲ್ಲ?

ಪಂಚಾಯತಿ ಕಾಗದ ನಂಬಿದವರು

ಪಕ್ಕದ ಕೇರಳದ ಕೊಚ್ಚಿಯ ಮರಡು ನಿಮಗೆ ನೆನಪಿರಬಹುದು. ವೆಂಬನಾಡ್ ಹಿನ್ನೀರಿನ ದಂಡೆ ಅದು. ವೆಂಬನಾಡ್ 2002ರಲ್ಲೇ ರಾಮ್ಸರ್ ಪಟ್ಟಿ ಸೇರಿತ್ತು. 2006ರಲ್ಲಿ ಅಂದಿನ ಮರಡು ಪಂಚಾಯತಿ ಬಹುಮಹಡಿ ವಸತಿ ಕಟ್ಟಡಗಳಿಗೆ ಅನುಮತಿ ಕೊಟ್ಟಿತು, ಕರಾವಳಿ ವಲಯ ಪ್ರಾಧಿಕಾರವನ್ನು ಕೇಳಲಿಲ್ಲ. ಮರುವರ್ಷ ಪಂಚಾಯತಿಯೇ ನೋಟಿಸು ಕೊಟ್ಟಿತು, ಮೊಕದ್ದಮೆ ನಡೆಯಿತು, ನಡುವೆ ಕಟ್ಟಡಗಳೂ ಎದ್ದವು, ಜನ ಮನೆ ಕೊಂಡು ಸಂಸಾರ ಹೂಡಿದರು. 2019ರ ಮೇ 8ರಂದು ಸುಪ್ರೀಂ ಕೋರ್ಟ್ ಎಲ್ಲವನ್ನೂ ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಉರುಳಿಸಿದ್ದನ್ನು ನಾವೆಲ್ಲ ಟಿವಿಯಲ್ಲಿ ಸಿನಿಮಾದಂತೆ ನೋಡಿದೆವು. ಮಧ್ಯಂತರ ಪರಿಹಾರವಾಗಿ ಪ್ರತಿ ಮನೆಗೆ 25 ಲಕ್ಷ ರೂಪಾಯಿ ಕೊಡಲು ನ್ಯಾಯಾಲಯ ಹೇಳಿತ್ತು. ಆದರೆ ಜೀವಮಾನದ ದುಡಿಮೆ ಹಾಕಿ ಮನೆ ಕೊಂಡ ತಾಯಂದಿರು ಸಾಮಾನು ಹೊತ್ತು ಮೆಟ್ಟಿಲಿಳಿದ ಚಿತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ಅನುಮತಿ ಕೊಟ್ಟವರು ತಪ್ಪಿದರು, ಕಟ್ಟಿದವರು ತಪ್ಪಿದರು, ಬೀದಿಗೆ ಬಂದವರು ಕೊಂಡವರು.

ಅದೇ ವೆಂಬನಾಡಿನ ನೆಡಿಯತುರುತ್ತು ದ್ವೀಪದಲ್ಲಿ 54 ವಿಲ್ಲಾಗಳ ಒಂದು ಐಷಾರಾಮಿ ರೆಸಾರ್ಟ್ ಕೂಡ ಇದೇ ಕಾನೂನಿನಡಿ ನೆಲಸಮವಾಯಿತು. ಸುಪ್ರೀಂ ಕೋರ್ಟಿನ ತೀರ್ಪು 2020ರ ಜನವರಿಯಲ್ಲಿ, ಕೆಡವುವ ಕೆಲಸ ಶುರುವಾದದ್ದು 2022ರ ಸೆಪ್ಟೆಂಬರ್‌ನಲ್ಲಿ.

ಎಂಟು ಮೇಜಿನ ಹೋಟೆಲಿಗೆ ಸುಪ್ರೀಂ ಕೋರ್ಟ್ ಬರುವುದಿಲ್ಲ ಎನ್ನುತ್ತೀರಾ? ಬರುವುದಿಲ್ಲ. ಬರುವುದು ಒಂದು ನೋಟಿಸು. ದೊಡ್ಡ ರೆಸಾರ್ಟಿನವರು ಅದನ್ನು ಹಿಡಿದು ಹತ್ತು ವರ್ಷ ನ್ಯಾಯಾಲಯ ಸುತ್ತಬಲ್ಲರು. ಬ್ಯಾಂಕಿನಲ್ಲಿ ಹೆಂಡತಿಯ ಬಳೆ ಇಟ್ಟವನು ಹತ್ತು ದಿನವೂ ಸುತ್ತಲಾರ. ಚಿಕ್ಕವರೇ ಕಾಗದವನ್ನು ಮೊದಲು ಸರಿಮಾಡಿಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕೇ.

ಮೇಜಿನಿಂದ ಇಳಿಯುವುದು

ಕಾನೂನಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ಬುಟ್ಟಿಯಲ್ಲಿದ್ದ ಬೆಳಚು. ಮಂಗಳೂರಿನ ಕಡೆಯವರು ಮರುವಾಯಿ ಎನ್ನುವ ಚಿಪ್ಪಿನ ಜೀವಿಗಳ ಬಳಗ ಇದು. ಬೆಳಚಿಗೆ ಬೇಟೆಯಾಡಲು ಬರುವುದಿಲ್ಲ. ಕೆಸರಿನಲ್ಲಿ ಕುಳಿತಲ್ಲೇ ನೀರನ್ನು ಒಳಗೆಳೆದು, ಅದರಲ್ಲಿರುವ ಸೂಕ್ಷ್ಮ ಆಹಾರವನ್ನು ಸೋಸಿಕೊಂಡು, ನೀರನ್ನು ಹೊರಗೆ ಬಿಡುತ್ತದೆ. ಹೊಳೆಯ ಜರಡಿ ಎನ್ನಿ. ನೀರಿನಲ್ಲಿ ಶೌಚದ ಕೊಳಕಿದ್ದರೆ ಅದರ ರೋಗಾಣುಗಳೂ ಜರಡಿಯಲ್ಲಿ ಉಳಿಯುತ್ತವೆ.

1988ರ ಆರಂಭದಲ್ಲಿ ಚೀನಾದ ಶಾಂಘೈ ನಗರದಲ್ಲಿ ಸುಮಾರು 3 ಲಕ್ಷ ಜನ ಹೆಪಟೈಟಿಸ್ ಎ ಎಂಬ ಕಾಮಾಲೆಯಿಂದ ಮಲಗಿದರು. ಕೊಳಚೆ ಸೇರಿದ ನೀರಿನಲ್ಲಿ ಬೆಳೆದ ಚಿಪ್ಪುಗಳನ್ನು ಅರೆಬೇಯಿಸಿ ತಿಂದದ್ದು ಕಾರಣ. ನಾವು ಚೆನ್ನಾಗಿ ಬೇಯಿಸಿ ತಿನ್ನುವವರು, ಆ ಮಟ್ಟಿಗೆ ಅಪಾಯ ಕಡಿಮೆ. ಆದರೆ ಹೊಳೆಯಂಚಿನ ಹೋಟೆಲಿನ ಲೆಕ್ಕ ನೋಡಿ. ಎಂಟು ಮೇಜು, ಮೇಜಿಗೆ ನಾಲ್ವರು, ರಾತ್ರಿ ಎರಡು ಸರದಿ ಎಂದರೆ 64 ಜನ. ಅಷ್ಟು ಜನರಿಗೆ ಒಂದು ಶೌಚಾಲಯ, ಅದಕ್ಕೊಂದು ಇಂಗುಗುಂಡಿ. ಹೊಳೆಯ ಪಕ್ಕದಲ್ಲಿ ನಾಲ್ಕು ಅಡಿ ಅಗೆದರೆ ನೀರು ಬರುತ್ತದೆ. ಭರತಿಯ ಹೊತ್ತಿಗೆ ಗುಂಡಿಯೊಳಗೂ ನೀರು ಏರುತ್ತದೆ, ಇಳಿತಕ್ಕೆ ಹೊಳೆಗೇ ಮರಳುತ್ತದೆ. ಪಾತ್ರೆ ತೊಳೆದ ಎಣ್ಣೆ ಜಿಡ್ಡು, ಸೋಪಿನ ನೊರೆ ಅದರ ಹಿಂದೆ. ಬೆಳಗ್ಗೆ ಹೆಂಗಸರು ಅಲ್ಲಿಂದಲೇ ಹೆಕ್ಕಿದ ಬೆಳಚು ಸಂಜೆ ಅದೇ ಹೋಟೆಲಿನ ಅಡುಗೆಮನೆಗೆ ಬರುತ್ತದೆ.

ಮದ್ರಸದಲ್ಲಿ ಫಿಕ್‌ಹ್‌ನ ಮೊದಲ ಪಾಠವೇ ನೀರಿನದ್ದು. ನಮ್ಮ ಶಾಫಿಈ ಕಿತಾಬುಗಳಲ್ಲಿ ಎರಡು ಖುಲ್ಲತ್‌ಗಿಂತ ಕಡಿಮೆಯ ನೀರಿಗೆ ಹೊಲಸು ತಾಗಿದರೆ ಅದು ಅಶುದ್ಧ. ಹೆಚ್ಚಿನ ನೀರಾದರೆ ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ನೋಡಬೇಕು. ವುಝೂ ಮಾಡುವವನಿಗೆ ಅದು ಸಾಕಾದ ಅಳತೆ. ಬೆಳಚಿಗೆ ಸಾಲದು. ಹೊಳೆಯ ಬಣ್ಣ ನಮ್ಮ ಕಣ್ಣಿಗೆ ಬದಲಾಗುವ ಎಷ್ಟೋ ಮೊದಲೇ ಕೆಸರಿನ ಮಟ್ಟದಲ್ಲಿ ಬದಲಾವಣೆ ಆಗಿರುತ್ತದೆ.

ದೀಪದ ಮಾತು ಬೇರೆ. ಹೊನ್ನಾವರದ ಕಡಲತೀರದಲ್ಲಿ ಮೊಟ್ಟೆಯೊಡೆದು ಬರುವ ಆಲಿವ್ ರಿಡ್ಲಿ ಆಮೆಮರಿಗಳು ಬೆಳಕು ಕಂಡತ್ತ ತೆವಳುತ್ತವೆ. ಕಡಲಿನ ಹೊಳಪೆಂದು ತಿಳಿದು ಹೋಟೆಲಿನ ದೀಪದ ಕಡೆಗೆ ಹೋದರೆ ಅವುಗಳ ಕಥೆ ಮುಗಿಯಿತು. ಧ್ವನಿವರ್ಧಕಕ್ಕಂತೂ 2000ದ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲು ಜಾಗದಲ್ಲಿ ಸಾಮಾನ್ಯವಾಗಿ ನಿಷೇಧವಿದೆ. ಪ್ಲಾಸ್ಟಿಕ್ ಚಮಚ, ತಟ್ಟೆ, ಸ್ಟ್ರಾಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಮುಂದಿನ ಸಲ ಹೊಳೆಯಂಚಿಗೆ ಹೋದಾಗ ಕಾಲಡಿಯಲ್ಲಿ ಒಮ್ಮೆ ನೋಡಿ.

ಹಾಗಾದರೆ ಹೊಳೆಯಂಚಿನಲ್ಲಿ ಯಾರೂ ಬದುಕು ಕಟ್ಟಿಕೊಳ್ಳಬಾರದೇ? ನಾನು ಹಾಗೆ ಹೇಳಲಾರೆ. ಗೋವಾದಲ್ಲಿ ಕಡಲತೀರದ ಶ್ಯಾಕ್‌ಗಳಿಗೆ ಹಂಗಾಮಿನ ಪರವಾನಗಿಯಿದೆ. ಚೀಟಿ ಎತ್ತಿ ಹಂಚುತ್ತಾರೆ, ಮಳೆಗಾಲಕ್ಕೆ ಮುನ್ನ ಚಪ್ಪರ ಕಿತ್ತು ತೆಗೆಯಬೇಕು. ಒಳಬಾಡಿಗೆಗೆ ಕೊಡುವ ದೂರುಗಳು ಅಲ್ಲೂ ಇವೆ, ಆದರೆ ಕುರ್ಚಿ ಹಾಕುವವನಿಗೆ ತಾನು ಯಾರನ್ನು ಕೇಳಬೇಕೆಂದಾದರೂ ಗೊತ್ತಿದೆ. ನಮ್ಮ ಅಳಿವೆಗಳಿಗೂ ಅಂಥದ್ದೊಂದು ಸರಳ ದಾರಿ ಬೇಕು. ಎಷ್ಟು ಮೇಜು, ಯಾವ ತಿಂಗಳು, ಕೊಳಕು ನೀರು ಎಲ್ಲಿಗೆ ಎಂಬುದನ್ನು ಪರವಾನಗಿಯ ಕಾಗದದಲ್ಲೇ ಬರೆಯಬೇಕು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಕರಾವಳಿ ವಲಯ ಸಮಿತಿಯಲ್ಲಿ ಮೀನುಗಾರರು ಸೇರಿ ಸ್ಥಳೀಯ ಸಮುದಾಯದ ಕನಿಷ್ಠ ಮೂವರು ಇರಬೇಕೆಂದು ಅಧಿಸೂಚನೆ ಹೇಳುತ್ತದೆ. ಅವರಲ್ಲಿ ಒಬ್ಬರಾದರೂ ಬೆಳಚು ಹೆಕ್ಕುವ ಹೆಂಗಸಾಗಿದ್ದರೆ ನನ್ನಂಥ ಮಾಸ್ತರರ 18 ಮೀಟರ್ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು!

ನಿಮ್ಮ ಮನೆಯಲ್ಲೂ ಗಲ್ಫ್‌ನಿಂದ ಮರಳಿದ ಮಗನೋ ಅಳಿಯನೋ ಇಂಥ ಕನಸು ಹೊತ್ತಿದ್ದರೆ, ಬಳೆ ಬ್ಯಾಂಕಿಗೆ ಹೋಗುವ ಮೊದಲು ಸರ್ವೆ ನಂಬರ್ ಹಿಡಿದು ಆ ಜಾಗ ಸಿಆರ್‌ಝಡ್ ನಕ್ಷೆಯಲ್ಲಿ ಎಲ್ಲಿ ಬರುತ್ತದೆಂದು ವಿಚಾರಿಸಿ. ಬಾಯಿಮಾತಿನ ಉತ್ತರ ಬೇಡ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಸಾಕು, 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು. ಹಳೆಯ ಮನೆಯ ಅಡಿಪಾಯ, ವಿನ್ಯಾಸ ಬದಲಿಸದೆ ಹೋಮ್ ಸ್ಟೇ ನಡೆಸಲು ಸ್ಥಳೀಯರಿಗೆ 2019ರ ಅಧಿಸೂಚನೆಯಲ್ಲೇ ಅವಕಾಶವಿದೆ, ಅದನ್ನೂ ಕೇಳಿ ನೋಡಬಹುದು.

ನಮ್ಮ ಹುಡುಗನಿಗೆ ಈ ವಿಷಯ ತಿಳಿಸುವುದು ನನಗೆ ಸುಲಭವಾಗಿರಲಿಲ್ಲ. ಅವನು ಒಂದು ವಾರ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. "ಅಲ್ಲಿ ಮೂರು ಹೋಟೆಲ್‌ನವರು ನೀರಿಗೇ ಕಾಲು ಇಳಿಬಿಟ್ಟು ಕೂರಿಸ್ತಾರೆ ಸರ್, ನನಗೆ ಮಾತ್ರ ಕಾನೂನಾ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕೊನೆಗೆ ಅವನ ತಾಯಿಯೇ ಮಾತು ಮುಗಿಸಿದರು. ತೋಟದ ಮೇಜುಗಳು ರಸ್ತೆ ಬದಿಯ ಅಂಗಳಕ್ಕೆ ಬಂದವು. ಎಂಟು ಹಿಡಿಸಲಿಲ್ಲ, ನಾಲ್ಕು ಹಾಕಿದ್ದಾನೆ. ಹೊಳೆ ಅಲ್ಲಿಂದ ಕಾಣುವುದಿಲ್ಲ, ಲಾರಿಗಳ ಹಾರ್ನ್ ಕೇಳುತ್ತದೆ. ಪಾತ್ರೆ ತೊಳೆದ ನೀರಿಗೆ ಜಿಡ್ಡು ತಡೆಯುವ ಎರಡು ತೊಟ್ಟಿ ಕಟ್ಟಿಸಿದ್ದಾನೆ, ಅದಕ್ಕೆ ಒಂದು ಬಳೆ ಮಾರಬೇಕಾಯಿತು.

ನಾನು ಹಳೆಯ ಅರ್ಜಿಯನ್ನು ಹಿಂದೆಗೆದು ಹೊಸದು ಬರೆದೆ. ದೂರದ ಕಾಲಂನಲ್ಲಿ 'ಅಮಾವಾಸ್ಯೆಯ ಉಬ್ಬರದಲ್ಲಿ ಆರು ಹೆಜ್ಜೆ, ಅಧಿಕೃತ ಅಳತೆ ಮಾಡಿಕೊಡಬೇಕಾಗಿ ವಿನಂತಿ' ಎಂದು ನಮೂದಿಸಿದ್ದೇನೆ. ತೋಟದಲ್ಲಿ ಎರಡಾದರೂ ಮೇಜು ಹಾಕಲು ಸಾಧ್ಯವೇ ಎಂದು ಕೇಳಿದ್ದೇವೆ. ಸ್ವೀಕೃತಿಯ ಚೀಟಿ ನನ್ನ ಕಪಾಟಿನಲ್ಲಿದೆ. ಬೆಳಚಿನ ಅಕ್ಕ ಮೊನ್ನೆ ಅವನ ಅಂಗಳಕ್ಕೆ ಬುಟ್ಟಿ ತಂದಾಗ, "ಉತ್ತರ ಬಂತಾ ಮಾಸ್ತರ್ರೇ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ.